ಜಾಲಸೇವೆಗೆ ಭದ್ರತಾ ಚೌಕಟ್ಟಿನ ಜೋಡಣೆ

2003ರಲ್ಲಿ ಅಸೀಜಿ ಎಂಬ ಹೆಸರಿನಿಂದ ಮೊದಲಾಗಿ 2008ರಲ್ಲಿ ಸ್ಪ್ರಿಂಗ್ ಸೆಕ್ಯುರಿಟಿ ಎಂಬ ನಾಮಾಂತರವನ್ನು ಪಡೆದ ಜಾವಾ ಭದ್ರತಾ ಚೌಕಟ್ಟನ್ನು ಅಪಾಚೆ ಸಿಎಕ್ಸ್‌ಎಫ್ ಎಂಬ ಜಾಲಸೇವಾ ತಂತ್ರಾಂಶದೊಡನೆ ಜೋಡಿಸಿದಾಗ, ಸೋಪ್ ಸಂದೇಶದ ಶಿರೋಭಾಗದಲ್ಲಿ ಬರುವ ಗುರುತನ್ನು ಡಬ್ಲ್ಯುಎಸ್‌ಎಸ್‌4ಜೆ ಎಂಬ ತಂತ್ರಾಂಶ ಬಿಡಿಸಿ ಓದುವುದು. ಆ ಗುರುತಿಗೆ ಯಾವ ಅಧಿಕಾರವುಂಟೆಂದು ನಿರ್ಣಯಿಸುವ ಭಾರ ಸ್ಪ್ರಿಂಗಿನದು. ಶಿರೋಭಾಗದ ಈ ಭದ್ರತಾ ನಿಯಮಗಳನ್ನು ಓಯಾಸಿಸ್ ಸಂಸ್ಥೆ 2004ರಲ್ಲಿ ಪ್ರಮಾಣೀಕರಿಸಿತು.

ಈ ಜೋಡಣೆ ಮಾಡುವವರು ಎಡವಬಹುದಾದ ಸ್ಥಳವೊಂದುಂಟು: ಶಿರೋಭಾಗದಲ್ಲಿ ಪಾಸ್‌ವರ್ಡನ್ನು ಕಳುಹಿಸುವ ಒಂದು ಬಗೆಯಾದ ‘ಪಾಸ್‌ವರ್ಡ್ ಡೈಜೆಸ್ಟ್’ ಎಂಬುದು ನಾನ್ಸ್ (ಒಮ್ಮೆ ಮಾತ್ರ ಬಳಸುವ ಯಾದೃಚ್ಛಿಕ ಮೌಲ್ಯ), ರಚನಾಕಾಲ, ಪಾಸ್‌ವರ್ಡ್ ಈ ಮೂರನ್ನೂ ಕೂಡಿಸಿ ಎಸ್‌ಎಚ್‌ಎ-1 ಕ್ರಮದಿಂದ ಅರೆದು ತೆಗೆದ ಸಾರವಾದುದರಿಂದ, ಅದನ್ನು ತಾಳೆನೋಡಲು ಸರ್ವರಿನ ಬಳಿ ಮೂಲ ಪಾಸ್‌ವರ್ಡೇ ಇರತಕ್ಕದ್ದು; ಬಿಕ್ರಿಪ್ಟ್ ಕ್ರಮದಿಂದ ರೂಪಾಂತರಿಸಿ ಕೂಡಿಟ್ಟ ಭಂಡಾರ ಇಲ್ಲಿ ನಿರುಪಯೋಗಿ. ಹೆಚ್ಚು ಭದ್ರವೆಂದು ತೋರುವ ದಾರಿಯೇ ರಹಸ್ಯವನ್ನು ಬಯಲಲ್ಲಿರಿಸಬೇಕೆಂದು ಕೇಳುವುದು ವಿಚಿತ್ರವೇ ಸರಿ! ಆದುದರಿಂದ ಟಿಎಲ್‌ಎಸ್ ಕವಚದೊಳಗೆ ಪಾಸ್‌ವರ್ಡನ್ನು ಇದ್ದಂತೆಯೇ ಒಯ್ಯುವ ‘ಪಾಸ್‌ವರ್ಡ್ ಟೆಕ್ಸ್ಟ್’ ಕಳುಹಿಸಿ, ಪರೀಕ್ಷಿಸುವ ಕಾರ್ಯವನ್ನು ಸ್ಪ್ರಿಂಗಿಗೇ ಒಪ್ಪಿಸುವುದು ಲೇಸು.