ಬೆಲ್ಟು ಕಿರುಚಿದರೆ ಮೊದಲು ಪುಲ್ಲಿಯನ್ನು ವಿಚಾರಿಸಿ

ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಕಡೆ ಯಾವುದಾದರೂ ಆಲೆಮನೆ ಮುಂದೆ ಐದು ನಿಮಿಷ ನಿಂತು ನೋಡಿ. ಮೋಟಾರಿನಿಂದ ಗಾಣದ ದೊಡ್ಡ ಚಕ್ರಕ್ಕೆ ಬೆಲ್ಟು ಓಡುತ್ತಿರುತ್ತದೆ. ಒಂದೇ ಸಲ ಜಾಸ್ತಿ ಕಬ್ಬು ತುರುಕಿದರೆ ಬೆಲ್ಟು ಜಾರಿ ಕಿರ್ರ್ ಅನ್ನುತ್ತದೆ. ಗಾಣಕ್ಕೆ ಕಬ್ಬು ಕೊಡುವವರು ತಕ್ಷಣ ಕೈ ತಡೆಯುತ್ತಾರೆ. ಸದ್ದು ಯಾಕೆ ಬಂತು ಅನ್ನೋದು ಅವರಿಗೆ ಗೊತ್ತು: ಲೋಡು ಹೆಚ್ಚಾಯಿತು.

ಕಾರಿನ ಬಾನೆಟ್ ಕೆಳಗೂ ಅದೇ ಬೆಲ್ಟು, ಅದೇ ಪುಲ್ಲಿ. ಆದರೆ ಅಲ್ಲಿ ಸದ್ದು ಬಂದರೆ ನಾವು ಮಾಡೋದು ಎರಡೇ: ಬೆಲ್ಟನ್ನು ಇನ್ನಷ್ಟು ಬಿಗಿ ಮಾಡೋದು, ಇಲ್ಲಾ ಯಾವುದೋ ಸ್ಪ್ರೇ ಹೊಡೆಯೋದು. ಎರಡರಿಂದಲೂ ಸದ್ದು ನಿಲ್ಲಬಹುದು, ಕಾಯಿಲೆ ವಾಸಿಯಾಗಲ್ಲ. ಬಿಗಿ ಮಾಡಿದರಂತೂ ಹೊಸ ಕಾಯಿಲೆ ಶುರುವಾಗುತ್ತದೆ. ಹೇಗೆ ಅಂತ ಮುಂದೆ ಲೆಕ್ಕ ಹಾಕೋಣ.

ಈ ಬೆಲ್ಟು ಕ್ರ್ಯಾಂಕ್ ಪುಲ್ಲಿಯಿಂದ ಶಕ್ತಿ ತೆಗೆದುಕೊಂಡು ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಹಲವು ಗಾಡಿಗಳಲ್ಲಿ ವಾಟರ್ ಪಂಪ್, ಹಳೆಯ ಪವರ್ ಸ್ಟೀರಿಂಗ್ ಇದ್ದರೆ ಅದರ ಪಂಪ್, ಎಲ್ಲವನ್ನೂ ತಿರುಗಿಸುತ್ತದೆ. ನಡುವೆ ದಾರಿ ತಿರುಗಿಸಲು ಒಂದು ಐಡ್ಲರ್ ಪುಲ್ಲಿ, ಬಿಗಿ ಕಾಯಲು ಒಂದು ಟೆನ್ಷನರ್ ಇರಬಹುದು. ಐಡ್ಲರಿನ ಬೇರಿಂಗ್ ಹಿಡಿದುಕೊಂಡರೆ ಬೆಲ್ಟು ಅದರ ಮೇಲೆ ಉಜ್ಜಿ ಕಿತ್ತುಹೋಗುತ್ತದೆ. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿದ್ದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಕಾಯ್ದು ಹೆಡ್ ಗ್ಯಾಸ್ಕೆಟ್ ಹೋಗಬಹುದು. ಮೈಸೂರು–ಬೆಂಗಳೂರು ಹೈವೇಯಲ್ಲಿ ರಾತ್ರಿ ಹೊತ್ತು ಇದು ಆದರೆ ಏನು ಗತಿ ಅಂತ ಯೋಚಿಸಿ. ಕೆಲವೇ ನೂರು ರೂಪಾಯಿಯ ಬೇರಿಂಗ್, ಎಂಜಿನ್ ಬಿಚ್ಚುವ ಖರ್ಚು ತಂದಿಡುತ್ತದೆ.

ಈಗ ಕಿವಿಗೆ ಕೆಲಸ. ಚಿಲಿಪಿಲಿ ಥರ, ತಾಳಕ್ಕೆ ಸರಿಯಾಗಿ ಚಿಕ್ ಚಿಕ್ ಅಂದರೆ ಸಾಮಾನ್ಯವಾಗಿ ಪುಲ್ಲಿಗಳು ಒಂದೇ ನೇರದಲ್ಲಿಲ್ಲ ಅಂತ ಅರ್ಥ. ಉದ್ದಕ್ಕೆ ಕಿರ್ರ್ ಅಂದರೆ ಬೆಲ್ಟು ಜಾರುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಈ ಕಿರುಚಾಟ ಹೆಚ್ಚು, ಯಾಕಂದ್ರೆ ಸೆಲ್ಫ್ ಹೊಡೆದು ಸುಸ್ತಾದ ಬ್ಯಾಟರಿ ಆಗ ಜೋರಾಗಿ ಚಾರ್ಜ್ ಎಳೆಯುತ್ತದೆ, ಆಲ್ಟರ್ನೇಟರ್ ಭಾರವಾಗುತ್ತದೆ. ಇನ್ನು ಗೊರ ಗೊರ ಅಂತ, ಬೀಸೋ ಕಲ್ಲಿನ ಥರ ಸದ್ದು ಬಂದು ಆಕ್ಸಿಲರೇಟರ್ ಜೊತೆ ಏರುತ್ತಾ ಹೋದರೆ ಅನುಮಾನ ಬೇರಿಂಗ್ ಮೇಲೆ.

ಮೊದಲ ಎರಡನ್ನು ಬೇರೆ ಮಾಡೋಕೆ ಒಂದು ಸುಲಭ ಪರೀಕ್ಷೆ ಇದೆ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ದೂರ ನಿಂತು, ಸ್ಪ್ರೇ ಬಾಟಲಿಯಿಂದ ಬೆಲ್ಟಿನ ರಿಬ್ ಇರುವ ಬದಿಗೆ ಸ್ವಲ್ಪ ನೀರು ಹೊಡೆಯಿರಿ. ಸದ್ದು ಕೆಲವು ಸೆಕೆಂಡ್ ನಿಂತು ಮತ್ತೆ ಬಂದರೆ ನೇರ ತಪ್ಪಿದೆ. ನೀರು ಬಿದ್ದ ಕೂಡಲೇ ಕಿರುಚಾಟ ಹೆಚ್ಚಾದರೆ ಬಿಗಿ ಸಾಲದು. ಒಂದು ಅಡಿ ಉದ್ದಕ್ಕೆ ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಸುಮಾರು 0.3 ಡಿಗ್ರಿ ಓರೆಯಾದರೂ ಸದ್ದಿಗೆ ಸಾಕು. ಕಣ್ಣಿಗೆ ಕಾಣದ ಓರೆ ಅದು. ಉಕ್ಕಿನ ಸ್ಕೇಲನ್ನು ಎರಡು ಪುಲ್ಲಿಯ ಮುಖಕ್ಕೆ ಒತ್ತಿ ಹಿಡಿದು ನೋಡಬೇಕು. ಕ್ರ್ಯಾಂಕ್ ಪುಲ್ಲಿಯ ಒಳಗೆ ಕಂಪನ ತಡೆಯುವ ರಬ್ಬರ್ ಬಳೆ ಇರುತ್ತದೆ. ಅದು ಬಿರುಕು ಬಿಟ್ಟಿದ್ದರೆ ಪುಲ್ಲಿಯೇ ಓಲಾಡುತ್ತದೆ.

ಬೇರಿಂಗ್ ಪತ್ತೆಗೆ ಉದ್ದನೆಯ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಐಡ್ಲರಿನ ನಡುವಿನ ಬೋಲ್ಟಿಗೆ (ಅದು ತಿರುಗಲ್ಲ), ಆಲ್ಟರ್ನೇಟರಿನ ಮೈಗೆ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ. ಕೆಟ್ಟದ್ದು ಯಾವುದು ಅಂತ ತಾನೇ ಹೇಳುತ್ತದೆ. ಸಡಿಲ ತೋಳು, ದುಪಟ್ಟಾ, ಐಡಿ ಕಾರ್ಡಿನ ದಾರ ಯಾವುದೂ ಮೈಮೇಲೆ ಬೇಡ. ರೇಡಿಯೇಟರ್ ಫ್ಯಾನ್ ಕೆಲವು ಗಾಡಿಗಳಲ್ಲಿ ಎಂಜಿನ್ ಆಫ್ ಇದ್ದರೂ ತಿರುಗಲು ಶುರುವಾಗುತ್ತದೆ, ನೆನಪಿರಲಿ.

ಈಗ ಬಿಗಿ ಮಾಡೋದರ ವಿಚಾರ. ಬೆಲ್ಟ್ ಡ್ರೈವ್ ಅಧ್ಯಾಯದ ಸೂತ್ರ ಎಲ್ಲರಿಗೂ ಬಾಯಿಪಾಠ: ಬಿಗಿ ಬದಿಯ ಸೆಳೆತಕ್ಕೂ ಸಡಿಲ ಬದಿಯ ಸೆಳೆತಕ್ಕೂ ಇರುವ ಅನುಪಾತ, ಜಾರುವ ಅಂಚಿನಲ್ಲಿ, 'ಇ'ಯ ಘಾತ ಮ್ಯೂ ಥೀಟಾ. ಮ್ಯೂ 0.3, ಬೆಲ್ಟು ಪುಲ್ಲಿಯನ್ನು 180 ಡಿಗ್ರಿ ಸುತ್ತಿದೆ ಅಂದುಕೊಳ್ಳಿ. ಚಪ್ಪಟೆ ಬೆಲ್ಟಿಗೆ ಅನುಪಾತ 2.57. ರಿಬ್ ಇರುವ ಬೆಲ್ಟಿನಲ್ಲಿ ಗಾಡಿಯ ಕೋನ 40 ಡಿಗ್ರಿ ಅಂತಿಟ್ಟುಕೊಂಡು ಮ್ಯೂವನ್ನು ಅದರ ಅರ್ಧದ ಸೈನಿನಿಂದ ಭಾಗಿಸಿದರೆ 0.877. ಅನುಪಾತ 15ಕ್ಕೂ ಮೇಲೆ! ಇಷ್ಟು ತೆಳ್ಳನೆಯ ಬೆಲ್ಟು ಇಷ್ಟೆಲ್ಲಾ ತಿರುಗಿಸುವ ಗುಟ್ಟು ಇದೇ. ಸುತ್ತಿದ ಕೋನ 120 ಡಿಗ್ರಿಗೆ ಇಳಿದರೆ ಅನುಪಾತ ಸುಮಾರು 6.3ಕ್ಕೆ ಬೀಳುತ್ತದೆ. ಐಡ್ಲರ್ ಎಲ್ಲೆಲ್ಲೋ ಕೂತು ಬೆಲ್ಟನ್ನು ಬಗ್ಗಿಸೋದು ಸುಮ್ಮನೆ ಅಲ್ಲ.

ಹಾಗಾದರೆ ರಿಬ್ ಸವೆದು ಹಿಡಿತ ಕಮ್ಮಿಯಾದಾಗ ಬಿಗಿ ಹೆಚ್ಚಿಸಿದರೆ ಆಯಿತಲ್ಲ? ಬೆಲ್ಟು ಜಾರೋದು ನಿಲ್ಲುತ್ತದೆ, ನಿಜ. ಆದರೆ ಆ ಎಳೆತವೆಲ್ಲಾ ಬೇರಿಂಗ್ ಮೇಲೆ ಬೀಳುತ್ತದೆ. ಬಾಲ್ ಬೇರಿಂಗಿನ ಆಯಸ್ಸು ಲೋಡಿನ ಘನಕ್ಕೆ ವಿಲೋಮ. ಲೋಡು ಶೇ. 25 ಹೆಚ್ಚಾದರೆ 1.25ರ ಘನ 1.95, ಆಯಸ್ಸು ಹತ್ತಿರ ಹತ್ತಿರ ಅರ್ಧ! ಮಾರುತಿ 800, ಓಮ್ನಿಯಂಥ ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರನ್ನು ಎಳೆದು ಬೋಲ್ಟ್ ಬಿಗಿ ಮಾಡುವ ಪದ್ಧತಿ ಇರುವುದರಿಂದ ಈ ತಪ್ಪು ಸಲೀಸು. ವೇಗ ಬೇರೆ ಕಮ್ಮಿಯೇನಲ್ಲ. ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಐಡ್ಲರ್ 70 ಮಿ.ಮೀ. ಇದ್ದರೆ ಎಂಜಿನ್ 3000 ಆರ್‌ಪಿಎಂನಲ್ಲಿರುವಾಗ ಐಡ್ಲರ್ 6400ರ ಮೇಲೆ ತಿರುಗುತ್ತಿರುತ್ತದೆ.

ಕೆಲಸಕ್ಕೆ ಇಳಿಯೋಣ. ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಆಲ್ಟರ್ನೇಟರಿನ ದಪ್ಪ ತಂತಿಯಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಬೆಲ್ಟ್ ಸುತ್ತಿರುವ ದಾರಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಿಚ್ಚಿದ ಮೇಲೆ ಎಲ್ಲರಿಗೂ ಗೊಂದಲವೇ. ಕೆಲವು ಹೊಸ ಗಾಡಿಗಳಲ್ಲಿ ಟೆನ್ಷನರ್ ಇಲ್ಲದ ಸ್ಟ್ರೆಚ್ ಬೆಲ್ಟ್ ಇರುತ್ತದೆ. ಅದನ್ನು ತೆಗೆದರೆ ಹೊಸದೇ ಹಾಕಬೇಕು, ಅದಕ್ಕೆ ಮೊದಲೇ ನೋಡಿಕೊಳ್ಳಿ.

ಬೆಲ್ಟ್ ತೆಗೆದ ಮೇಲೆ ಒಂದೊಂದು ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ. ಕರಕರ ಅಂದರೆ ಅಥವಾ ಲೂಸ್ ಇದ್ದರೆ ಅದೇ ಕಳ್ಳ. ತಡೆಯೇ ಇಲ್ಲದೆ ಬುಗುರಿ ಥರ ತುಂಬಾ ಹೊತ್ತು ತಿರುಗಿದರೂ ಖುಷಿಪಡಬೇಡಿ, ಒಳಗೆ ಗ್ರೀಸ್ ಒಣಗಿರುತ್ತದೆ. ಪ್ಲಾಸ್ಟಿಕ್ ಪುಲ್ಲಿಯಲ್ಲಿ ಬೇರಿಂಗ್ ಅಚ್ಚಿನಲ್ಲೇ ಕೂತಿದ್ದರೆ ಪುಲ್ಲಿಯನ್ನೇ ಬದಲಾಯಿಸಿ, ಸರ್ಕಸ್ ಬೇಡ. ಉಕ್ಕಿನದಾಗಿದ್ದು ಬೇರಿಂಗ್ ಹೊರಬರುವಂತಿದ್ದರೆ ಅದರ ಮೇಲಿನ ನಂಬರ್ ಓದಿ. 6203-2ಆರ್‌ಎಸ್ ಅಂತಿದ್ದರೆ ಒಳ ವ್ಯಾಸ 17, ಹೊರ ವ್ಯಾಸ 40, ಅಗಲ 12 ಮಿ.ಮೀ., ಎರಡೂ ಬದಿಗೆ ರಬ್ಬರ್ ಸೀಲ್. ಪಕ್ಕದಲ್ಲಿ ಸಿ3 ಅಂತ ಇದ್ದರೆ ಒಳಗಿನ ಸಂದು ಸ್ವಲ್ಪ ಹೆಚ್ಚು ಅಂತ. ಅದೇ ಕೇಳಿ ತನ್ನಿ.

ಹೊಸ ಬೇರಿಂಗ್ ಕೂರಿಸುವಾಗ ಹೊರ ಬಳೆಯನ್ನು ಮಾತ್ರ ಒತ್ತಬೇಕು. ಅಷ್ಟೇ ವ್ಯಾಸದ ಸಾಕೆಟ್ ಇಟ್ಟು ವೈಸಿನಲ್ಲಿ ನಿಧಾನಕ್ಕೆ ಅದುಮಿ. ಒಳ ಬಳೆಗೆ ಸುತ್ತಿಗೆ ಬಿದ್ದರೆ ಪೆಟ್ಟು ಗುಂಡುಗಳ ಮೂಲಕ ಹಾದು ಓಟದ ಹಾದಿಯಲ್ಲಿ ತಗ್ಗು ಮೂಡಿಸುತ್ತದೆ. ಹೊಸ ಬೇರಿಂಗ್ ಮೊದಲ ದಿನವೇ ಗೊರಗುಟ್ಟಲು ಇದೇ ಕಾರಣ. ವೈಸ್ ಇಲ್ಲದಿದ್ದರೆ ಪುಲ್ಲಿಯನ್ನು ಹತ್ತಿರದ ಲೇತ್ ಅಂಗಡಿಗೆ ಒಯ್ಯಿರಿ. ಬೋಲ್ಟಿಗೆ ಮ್ಯಾನುಯಲ್ ಹೇಳಿದಷ್ಟೇ ಟಾರ್ಕ್. ಕೆಲವು ಪುಲ್ಲಿಗಳಿಗೆ ಎಡ ಮರೆ ಇರುತ್ತದೆ, ಬರದಿದ್ದರೆ ಬಲ ಪ್ರಯೋಗಕ್ಕೆ ಮುಂಚೆ ದಿಕ್ಕು ನೋಡಿ.

ಹಳೆಯ ಬೇರಿಂಗ್ ಎಸೆಯೋ ಮುಂಚೆ ಅದರ ಸೀಲನ್ನು ಸೂಜಿಯಲ್ಲಿ ಕಿತ್ತು ಒಳಗೆ ನೋಡಿ. ಗ್ರೀಸ್ ಹಾಲಿನಂತೆ ಬೆಳ್ಳಗಾಗಿದ್ದರೆ, ತುಕ್ಕು ಇದ್ದರೆ ನೀರು ಹೊಕ್ಕಿದೆ. ಆಯುಧಪೂಜೆಯ ಹಿಂದಿನ ದಿನ ಎಂಜಿನ್ ಮೇಲೆ ಪ್ರೆಷರ್ ವಾಟರ್ ಹೊಡೆಸುತ್ತೀವಲ್ಲ, ಅಲ್ಲಿಂದಲೇ ಇರಬಹುದು. ಮುಂದಿನ ಸಲ ಪುಲ್ಲಿಗಳ ಕಡೆ ನಳಿಕೆ ಹಿಡಿಯಬೇಡಿ ಅಂತ ವಾಟರ್ ಸರ್ವಿಸಿನವರಿಗೆ ಹೇಳಿ. ಗ್ರೀಸ್ ಕಪ್ಪಾಗಿ ಒಣಗಿದ್ದರೆ ಬೇರಿಂಗ್ ಬಿಸಿಯಾಗಿದೆ, ಬೆಲ್ಟನ್ನು ಯಾರೋ ಅತಿಯಾಗಿ ಬಿಗಿ ಮಾಡಿರಬಹುದು. ಆಗ ಹೊಸ ಬೇರಿಂಗಿನ ಜೊತೆ ಬೆಲ್ಟಿನ ಬಿಗಿಯನ್ನೂ ಸರಿಯಾಗಿ ಅಳೆದು ಹಾಕಿ.