ಮುಟ್ಟಿನ ರಕ್ತವೇಕೆ ಹೆಪ್ಪುಗಟ್ಟುವುದಿಲ್ಲ?

ಬಸವಾದಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಇಷ್ಟಲಿಂಗಧಾರಿಗಳಿಗೆ ಜಾತಿ, ಜನನ, ಮರಣ, ಎಂಜಲುಗಳ ಸೂತಕವಿಲ್ಲದಂತೆ ರಜಸ್ಸಿನ ಸೂತಕವೂ ಇಲ್ಲವೆಂದು ಸಾರಿದರು. ಆದರೂ ಮುಟ್ಟಿನ ದಿನಗಳಲ್ಲಿ ಹೊರಹೋಗುವುದು ಕೆಟ್ಟ ರಕ್ತವೆಂಬ ನಂಬಿಕೆ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ. ಇದರ ಹಾನಿ ಆಚರಣೆಗಷ್ಟೇ ಸೀಮಿತವಲ್ಲ. ಕೆಟ್ಟದ್ದು ಹೋದಷ್ಟೂ ಒಳ್ಳೆಯದೆಂದು ಭಾವಿಸಿ ಅತಿಸ್ರಾವವನ್ನು ಮೌನವಾಗಿ ಸಹಿಸುವ ತಾಯಂದಿರು ಹಲವರಿದ್ದಾರೆ. ಆದುದರಿಂದ ಈ ಸ್ರಾವದ ನಿಜಸ್ವರೂಪವನ್ನು ನಾವು ಅರಿಯಬೇಕು.

ಸ್ರಾವದಲ್ಲಿ ಏನಿದೆ?

ಋತುಸ್ರಾವವು ಕೇವಲ ರಕ್ತವಲ್ಲ. ಸ್ಥೂಲವಾಗಿ ಅದರ ಅರ್ಧದಷ್ಟು ಮಾತ್ರ ರಕ್ತ. ಉಳಿದದ್ದು ಗರ್ಭಕೋಶದ ಒಳಪದರದಿಂದ ಕಳಚಿದ ಚೂರುಗಳು, ಅಲ್ಲಿಂದ ಜಿನುಗಿದ ದ್ರವ, ಗರ್ಭಕೋಶದ ಕಂಠದ ಲೋಳೆ ಹಾಗೂ ಯೋನಿಯ ದ್ರವ. 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಸ್ರಾವದಲ್ಲಿ 1,000ಕ್ಕೂ ಹೆಚ್ಚು ಪ್ರೋಟೀನುಗಳನ್ನು ಗುರುತಿಸಿತು. ರಕ್ತಕ್ಕೆ ಕೆಂಪುಬಣ್ಣ ಕೊಡುವ ಹಿಮೋಗ್ಲೋಬಿನ್, ಆಲ್ಬುಮಿನ್, ರೋಗನಿರೋಧಕ ಪ್ರೋಟೀನುಗಳು, ಒಳಪದರವನ್ನು ಸಡಿಲಿಸುವ ಕಿಣ್ವಗಳು ಇದರಲ್ಲಿವೆ. 1920ರಲ್ಲಿ ವಿಯೆನ್ನಾದ ವೈದ್ಯ ಬೇಲಾ ಶಿಕ್, ಮುಟ್ಟಾದವರು ಹಿಡಿದ ಹೂವು ಬಾಡುತ್ತದೆಂದು ಹೇಳಿ, ಅವರ ದೇಹದಲ್ಲಿ ಒಂದು ವಿಷವಿದೆಯೆಂದು ವಾದಿಸಿದ್ದ. ಮುಂದೆ ಆ ವಾದವು ನಿಲ್ಲಲಿಲ್ಲ.

ಹೆಪ್ಪುಗಟ್ಟಿ ಕರಗಿದ ರಕ್ತ

ಬೆರಳು ಕೊಯ್ದಾಗ ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನು ಫೈಬ್ರಿನ್ ಎಂಬ ನೂಲಾಗಿ ಮಾರ್ಪಡುತ್ತದೆ. ಈ ನೂಲಿನ ಬಲೆಯಲ್ಲಿ ರಕ್ತಕಣಗಳು ಸಿಲುಕಿ ಹೆಪ್ಪಾಗುತ್ತದೆ. ಮುಟ್ಟಿನ ಸ್ರಾವದಲ್ಲಿಯಾದರೋ ಫೈಬ್ರಿನೋಜನ್ ಇಲ್ಲವೆನ್ನುವಷ್ಟು ಕಡಿಮೆ. ಒಡೆದ ಫೈಬ್ರಿನ್‌ನ ತುಣುಕುಗಳು ಮಾತ್ರ ಹೇರಳ. ಎಂದರೆ, ಈ ರಕ್ತವು ಗರ್ಭಕೋಶದೊಳಗೇ ಒಮ್ಮೆ ಹೆಪ್ಪುಗಟ್ಟಿ, ಮರಳಿ ಕರಗಿ ಹೊರಬಂದಿದೆ. ಒಳಪದರವು ಬಿಡುಗಡೆ ಮಾಡುವ ಪ್ರಚೋದಕಗಳು ರಕ್ತದಲ್ಲಿನ ಪ್ಲಾಸ್ಮಿನೋಜನನ್ನು ಪ್ಲಾಸ್ಮಿನ್ ಎಂಬ ಕಿಣ್ವವಾಗಿಸುತ್ತವೆ. ಪ್ಲಾಸ್ಮಿನ್ ಆ ನೂಲುಗಳನ್ನು ಕತ್ತರಿಸುತ್ತದೆ. ಹೀಗಾಗಿ ಸ್ರಾವ ಸರಾಗವಾಗಿ ಹರಿಯುತ್ತದೆ.

ಹಾಗಾದರೆ ಗಡ್ಡೆಗಳೇಕೆ ಬರುತ್ತವೆ? ರಕ್ತವು ವೇಗವಾಗಿ ಹರಿದಾಗ ಪ್ಲಾಸ್ಮಿನ್ ಅದನ್ನು ಪೂರ್ತಿ ಕರಗಿಸಲಾರದು. ಹೆಚ್ಚು ಸ್ರಾವದ ದಿನ ಸಣ್ಣ ಗಡ್ಡೆ ಕಂಡರೆ ಅಂಜಬೇಕಿಲ್ಲ. ಪದೇಪದೇ ದೊಡ್ಡ ಗಡ್ಡೆಗಳು ಬಂದರೆ ಅದು ಅತಿಸ್ರಾವದ ಸೂಚನೆ.

ಯಾವಾಗ ವೈದ್ಯರನ್ನು ಕಾಣಬೇಕು?

ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ನಷ್ಟವಾಗುವ ರಕ್ತ 30ರಿಂದ 40 ಮಿಲಿಲೀಟರ್; 80 ಮೀರಿದರೆ ಅತಿಸ್ರಾವ. ಮನೆಯಲ್ಲಿ ಅಳೆಯಲಾಗದುದರಿಂದ ಈ ಲಕ್ಷಣಗಳನ್ನು ಗಮನಿಸಬೇಕು:

• ಗಂಟೆ, ಎರಡು ಗಂಟೆಗೊಮ್ಮೆ ಪ್ಯಾಡ್ ಅಥವಾ ಬಟ್ಟೆ ಬದಲಿಸಬೇಕಾಗುವುದು.
• ಸುಮಾರು ಒಂದು ಅಂಗುಲಕ್ಕಿಂತ ದೊಡ್ಡ ಗಡ್ಡೆಗಳು.
• ಏಳು ದಿನ ಮೀರಿದ ಸ್ರಾವ.
• ಆಯಾಸ, ಏದುಸಿರು, ತಲೆಸುತ್ತು.

ಗರ್ಭಕೋಶದ ಗಂಟುಗಳು, ಹಾರ್ಮೋನಿನ ಏರುಪೇರು, ಹುಟ್ಟಿನಿಂದ ಬಂದ ರಕ್ತಸ್ರಾವದ ದೋಷ ಇದಕ್ಕೆ ಕಾರಣವಿರಬಹುದು. ಮೊದಲ ಮುಟ್ಟಿನಿಂದಲೇ ಅತಿಸ್ರಾವವಿರುವ ಬಾಲಕಿಯರಲ್ಲಿ ಕೊನೆಯದನ್ನು ತಪ್ಪದೆ ಪರೀಕ್ಷಿಸಬೇಕು. ಪ್ಲಾಸ್ಮಿನ್‌ನ ಕೆಲಸವನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯಿಂದ ಅನೇಕರ ಸ್ರಾವ ತಗ್ಗುತ್ತದೆ. ಆದರೆ ಅದು ಎಲ್ಲರಿಗೂ ಸಲ್ಲದು. ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಸಸ್ಯಾಹಾರಿಗಳಾದ ನಾವು ಸೊಪ್ಪು, ಕಾಳುಗಳ ಜೊತೆಗೆ ನಿಂಬೆರಸ ಬಳಸಿದರೆ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೆ ಚಹಾ ಬೇಡ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಆಹಾರವೊಂದೇ ಸಾಲದೆ ಹೋಗಬಹುದು, ಚಿಕಿತ್ಸೆ ಪಡೆಯಬೇಕು.

ಮುಟ್ಟಿನ ದಿನಗಳಲ್ಲಿ ಲಿಂಗಪೂಜೆಯನ್ನು ನಿಲ್ಲಿಸಬೇಕಿಲ್ಲವೆಂಬುದು ಶರಣಮಾರ್ಗ. ಆ ದಿನಗಳ ಕಷ್ಟವನ್ನು ಮನೆಯವರೊಡನೆ ಹೇಳಿಕೊಳ್ಳಲು ತಾಯಿಗೆ, ಮಗಳಿಗೆ ಸಂಕೋಚವಾಗದಂತೆ ನೋಡಿಕೊಳ್ಳುವುದೂ ನಮ್ಮ ಹೊಣೆ.