ತೋನ್ಸೆಪಾರಿನಲ್ಲಿ ತಿದ್ದಿಕೊಂಡ ಪಾಠ

ಈ ಶಾಲೆಯಲ್ಲಿ ಓದಿ ಹೋದ ಪ್ರಿಯ ಹಳೆ ವಿದ್ಯಾರ್ಥಿನಿಯರಿಗೆ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೆ ಮುಂಚೆ ಅದು ಬೆಳಕಿಗೆ ಬಂದ ಪ್ರವಾಸದ ವೃತ್ತಾಂತವನ್ನು ಹೇಳುವದು ಯುಕ್ತ.

ಕಳೆದ ಜನವರಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರಕೊಂಡು ಮಲ್ಪೆಯಿಂದ ದೋಣಿಯಲ್ಲಿ ಸಂತ ಮೇರಿ ದ್ವೀಪಕ್ಕೆ ಹೋದೆವು. ತೋನ್ಸೆಪಾರ್ ಎಂಬದು ಅದರ ಇನ್ನೊಂದು ಹೆಸರು. 2022ರಲ್ಲಿ ಪ್ರವಾಸಕ್ಕೆ ಬಂದ ಕಾಲೇಜು ವಿದ್ಯಾರ್ಥಿಗಳು ಅಲ್ಲಿ ಅಲೆಗೆ ಸಿಕ್ಕಿ ತೀರಿಹೋದದ್ದನ್ನು ತಾಯಂದಿರು ಮರೆತಿರಲಿಲ್ಲ. ಆದಕಾರಣ ಒಬ್ಬಳೂ ನೀರಿಗೆ ಇಳಿಯಕೂಡದೆಂದು ಮಾತು ಕೊಟ್ಟೇ ಹೊರಟೆವು. ಮಾತು ಉಳಿಯಿತು, ಹುಡುಗಿಯರ ಮುಖ ಸ್ವಲ್ಪ ಬಾಡಿತ್ತೆಂಬದೂ ನಿಜ.

ಭೂಗೋಳದ ಪಾಠವು ದೋಣಿಯಲ್ಲೇ ಆರಂಭವಾಯಿತು. ಕರಾವಳಿಯ ಮುಂದೆ ಅಡ್ಡಗೋಡೆಯಂತೆ ನಿಲ್ಲುವ ನೆಲವು ಸಾಮಾನ್ಯವಾಗಿ ಮರಳಿನದು. ಅಲೆಯೂ ನದಿಯೂ ತಂದು ಕೂಡಿಸಿದ್ದು. ಮಲ್ಪೆಯ ಉತ್ತರದಲ್ಲಿ ಸುವರ್ಣಾ ನದಿಗೂ ಕಡಲಿಗೂ ನಡುವೆ ಇರುವ ಬೆಂಗ್ರೆ ಈ ಜಾತಿಯದು. ಸಂತ ಮೇರಿ ದ್ವೀಪಗಳೂ ತೀರಕ್ಕೆ ಸಮಾನಾಂತರವಾಗಿ ಸಾಲುಗೊಂಡು ಅಲೆಯ ಪೆಟ್ಟನ್ನು ತಡೆಯುತ್ತವೆ; ಆದರೆ ಅವು ಬಂಡೆಯವು, ಸ್ಥಳ ಬಿಟ್ಟು ಕದಲುವಂಥವಲ್ಲ.

ದಡಕ್ಕೆ ಇಳಿದ ಕೂಡಲೇ ಹುಡುಗಿಯರು, ಯಾವದೋ ದೇವಸ್ಥಾನ ಬಿದ್ದುಹೋಗಿದೆ ಎಂದರು. ಕಂಬಗಳು ಒಂದಕ್ಕೊಂದು ಅಂಟಿಕೊಂಡು ಅಷ್ಟು ಒಪ್ಪವಾಗಿ ನಿಂತಿವೆ. ಕೆಲವಕ್ಕೆ ಐದು ಮುಖ, ಹೆಚ್ಚಿನವಕ್ಕೆ ಆರು. ಏಳು ಮುಖದ್ದನ್ನು ಕಂಡವಳು ಕೂಗಿ ಎಲ್ಲರನ್ನೂ ಕರೆದಳು. ಕರಗಿದ ಶಿಲೆಯು ಭೂಮಿಯ ಒಳಗಿಂದ ಉಕ್ಕಿ ಹರಡಿ ಮೆಲ್ಲಗೆ ತಣಿಯುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವಂತೆ ಅದೂ ಬಿರಿಯುತ್ತದೆ. ಆ ಬಿರುಕು ಆಳಕ್ಕೆ ಇಳಿದು ಕಂಬವಾಗುತ್ತದೆ. ಇದು ನಡೆದು ಸುಮಾರು 8.8 ಕೋಟಿ ವರ್ಷಗಳಾದವು. ನಮ್ಮ ನಾಡಿಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಟ್ಟ ಕಾಲವದು.

ಅಲ್ಲಿಂದ ಮುಂದೆ ಚರಿತ್ರೆಯ ಪಾಠ. ನಮಗೆ ದ್ವೀಪವನ್ನು ತೋರಿಸುತ್ತಿದ್ದ ಯುವಕನು, ವಾಸ್ಕೋ ಡ ಗಾಮನು 1498ರಲ್ಲಿ ಮೊದಲು ಇಲ್ಲಿ ಇಳಿದು ಆಮೇಲೆ ಕಲ್ಲಿಕೋಟೆಗೆ ಹೋದನೆಂದು ಹೇಳಿದನು. ಆಗ ಒಬ್ಬ ಹುಡುಗಿ, "ಟೀಚರ್, ಆಫ್ರಿಕದ ಮಲಿಂದಿಯಿಂದ ನೇರವಾಗಿ ಕಲ್ಲಿಕೋಟೆಗೆ ಬಂದನೆಂದು ಪಾಠದಲ್ಲಿ ಉಂಟಲ್ಲವೇ? ಹಾಗಾದರೆ ಇಲ್ಲಿ ಇಳಿದದ್ದು ಯಾವಾಗ?" ಎಂದು ಕೇಳಿದಳು. ಯುವಕನು ನಮ್ಮ ಮುಖ ನೋಡಿದನು. ನಾವು ಉತ್ತರ ಕೊಡಲಾರದೆ ಹೋದೆವು. ಅವನ ಮೇಲೆ ದೋಷ ಹೊರಿಸುವಂತೆಯೂ ಇರಲಿಲ್ಲ, ಯಾಕಂದರೆ ಅನೇಕ ವರ್ಷಗಳಿಂದ ನಾವು ಬರೆಯಿಸುತ್ತಿದ್ದ ಟಿಪ್ಪಣಿಯಲ್ಲಿ ಇದ್ದದ್ದೂ ಇದೇ.

ಹಿಂತಿರುಗಿದ ಮೇಲೆ, ಆ ಪ್ರಯಾಣದಲ್ಲಿ ಹಡಗಿನಲ್ಲಿದ್ದ ಒಬ್ಬನು ಬರೆದಿಟ್ಟ ದಿನಚರಿಯ ಭಾಷಾಂತರವನ್ನು ತರಿಸಿ ಓದಿದೆವು. ಹಡಗುಗಳು ಏಪ್ರಿಲಿನಲ್ಲಿ ಮಲಿಂದಿಯನ್ನು ಬಿಟ್ಟು ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು. ನಡುವೆ ಎಲ್ಲಿಯೂ ಇಳಿಯಲಿಲ್ಲ. ಆಗಸ್ಟ್ ಕೊನೆಯಲ್ಲಿ ಅಲ್ಲಿಂದ ಹೊರಟು ಉತ್ತರಕ್ಕೆ ಬರುವಾಗ, ಸೆಪ್ಟೆಂಬರಿನ ಮಧ್ಯದಲ್ಲಿ, ದಡದಿಂದ ದೂರದ ಕಿರುದ್ವೀಪವೊಂದರಲ್ಲಿ ತಮ್ಮ ಅರಸನ ಅಪ್ಪಣೆಯಂತೆ ಕಲ್ಲಿನ ಸ್ತಂಭವನ್ನು ನಿಲ್ಲಿಸಿ ಅದಕ್ಕೆ ಸಾಂತಾ ಮರಿಯಾ ಎಂದು ಹೆಸರಿಟ್ಟರು. ಅಂದರೆ ಇದು ಬರುವಾಗ ಆದದ್ದಲ್ಲ, ಮರಳುವಾಗ ಆದದ್ದು. ಮಲ್ಪೆಯ ಹೆಸರು ದಿನಚರಿಯಲ್ಲಿ ಇಲ್ಲ. ಆ ದ್ವೀಪ ಇದೇ ಎಂಬದು ಅನಂತರದವರ ನಿರ್ಣಯ. ಸ್ತಂಭವಂತೂ ನಮಗೆ ಅಲ್ಲಿ ಕಾಣಲಿಲ್ಲ.

ಪ್ರಶ್ನೆ ಕೇಳಿದ ಹುಡುಗಿಯನ್ನು ಕರೆದು ತರಗತಿಯ ಮುಂದೆ ಇದನ್ನು ಅವಳಿಂದಲೇ ಓದಿಸಿದೆವು. ನಿಮ್ಮಲ್ಲಿ ಕೆಲವರು ಈಗ ಉಪಾಧ್ಯಾಯಿನಿಯರಾಗಿದ್ದೀರಿ. ಕೆಲವರ ಮಕ್ಕಳು ಇದೇ ಪಾಠವನ್ನು ಓದುತ್ತಿರಬಹುದು. ಹಳೆಯ ಟಿಪ್ಪಣಿ ಪುಸ್ತಕವನ್ನು ಇನ್ನೂ ಇಟ್ಟುಕೊಂಡವರು ಅದರಲ್ಲಿ "ಕಲ್ಲಿಕೋಟೆಗೆ ಹೋಗುವ ಮೊದಲು" ಎಂದಿರುವದನ್ನು ಹೊಡೆದುಹಾಕಿ "ಕಲ್ಲಿಕೋಟೆಯಿಂದ ಮರಳುವಾಗ, 1498ರ ಸೆಪ್ಟೆಂಬರಿನಲ್ಲಿ" ಎಂದು ಬರೆದುಕೊಳ್ಳಬೇಕಾಗಿ ಬೇಡಿಕೊಳ್ಳುತ್ತೇವೆ.